ಬೆಕ್ಕಿಗೊಂದು ಬೇಲಿ

ಪ್ರಾಣಿಗಳನ್ನು ಕಟ್ಟಿಹಾಕುವ ಸಾಮಾನುಗಳಿಗೆ ಕನ್ನಡದಲ್ಲಿ ಹೆಸರಿನ ಬರವಿಲ್ಲ. ಎತ್ತಿಗೆ ಮೂಗುದಾರ, ಆಕಳಿಗೆ ಕಣ್ಣಿ, ಕರುವಿಗೆ ಗೂಟ, ನಾಯಿಗೆ ಸರಪಳಿ, ಕುರಿಗೆ ದೊಡ್ಡಿ, ಕೋಳಿಗೆ ಗೂಡು, ಗಿಳಿಗೆ ಪಂಜರ. ಬೆಕ್ಕಿಗೆ ಮಾತ್ರ ಏನೂ ಇಲ್ಲ. ಇಲಿಗಳೆಲ್ಲ ಸಭೆ ಸೇರಿ ಅದರ ಕೊರಳಿಗೊಂದು ಗಂಟೆ ಕಟ್ಟಬೇಕೆಂದು ಠರಾವು ಮಾಡಿದವು, ಅದೂ ಆಗಲಿಲ್ಲ. ತಿಥಿಯ ದಿನ ಹಾಲು ಮೊಸರಿಗೆ ಬಾಯಿ ಹಾಕಬಾರದೆಂದು ಮನೆಯ ಬೆಕ್ಕಿನ ಮೇಲೆ ಬುಟ್ಟಿ ಡಬ್ಬು ಹಾಕುತ್ತಿದ್ದರಂತೆ. ಮುಂದಿನ ತಲೆಮಾರಿನವರು ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಓಣಿಯಿಂದ ಒಂದನ್ನು ಹಿಡಿದು ತಂದು, ಬುಟ್ಟಿ ಮುಚ್ಚಿಯೇ ತಿಥಿ ಮಾಡಿದರಂತೆ. ಈ ನಗೆಯ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಆ ಬುಟ್ಟಿಯೂ ಅರ್ಧ ದಿನದ್ದು. ಬ್ರಾಹ್ಮಣರ ಊಟವಾದ ಮೇಲೆ ಬೆಕ್ಕು ತನ್ನ ದಾರಿ ಹಿಡಿಯುತ್ತಿತ್ತು.

ಇದಕ್ಕೆ ಕಾರಣವೂ ಉಂಟು. ಉಳಿದ ಪ್ರಾಣಿಗಳಲ್ಲಿ ಬಹಳಷ್ಟನ್ನು ಮನುಷ್ಯ ಹಿಡಿದು ತಂದ. ಬೆಕ್ಕು ತಾನಾಗಿ ಬಂತು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಕಾಳು ಬೆಳೆದು ಕೂಡಿಡತೊಡಗಿದಾಗ ಇಲಿಗಳು ಬಂದವು, ಇಲಿಗಳ ಬೆನ್ನು ಹತ್ತಿ ಕಾಡುಬೆಕ್ಕು ಬಂತು ಎಂದು ಬಲ್ಲವರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಮನುಷ್ಯನ ಗೋರಿಯ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕ ಸುದ್ದಿ 2004ರಲ್ಲಿ ಪ್ರಕಟವಾಯಿತು. ಅಂದಿನಿಂದ ನಮ್ಮ ನಡುವಿನ ಕರಾರು ಒಂದೇ: ನೀನು ಇಲಿ ಹಿಡಿ, ನಾನು ಬಾಗಿಲು ತೆರೆದಿಡುತ್ತೇನೆ. ನಾನು ಕಂಡ ಬೆಟಗೇರಿಯ ನೇಕಾರರ ಮನೆಯಲ್ಲಿ ಬಾಗಿಲೂ ಬೇಕಿರಲಿಲ್ಲ. ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಬೆಳಕಿಂಡಿಯಿಂದ ಬೆಕ್ಕು ಇಳಿಯುತ್ತಿತ್ತು, ಮಗ್ಗದ ಕುಣಿಯ ಅಂಚಿನಲ್ಲಿ ಮಲಗುತ್ತಿತ್ತು, ಮತ್ತೆ ಬೆಳಕಿಂಡಿಯಿಂದಲೇ ಹೋಗುತ್ತಿತ್ತು. ಅದು ಯಾರ ಬೆಕ್ಕು ಎಂದು ಯಾರೂ ಕೇಳುತ್ತಿರಲಿಲ್ಲ. ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆಯಲ್ಲ, ಆ ಏಳೂ ಮನೆಯವರದ್ದು.

ಈಗ ಲಕ್ಷ್ಮೇಶ್ವರದ ನನ್ನ ಗೆಳತಿಯೊಬ್ಬರು ತಮ್ಮ ಮನೆಯ ಮಾಳಿಗೆಯ ಮೇಲೆ ಬೆಕ್ಕಿಗೆಂದೇ ಒಂದು ಜಾಳಿಗೆಯ ಕೋಣೆ ಕಟ್ಟಿಸಿದ್ದಾರೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಎತ್ತರ. ಕಬ್ಬಿಣದ ಆ್ಯಂಗಲ್ಲಿನ ಚೌಕಟ್ಟು, ಸುತ್ತ ಒಂದಂಗುಲದ ಕಣ್ಣಿನ ತಂತಿ ಜಾಳಿಗೆ, ಮೇಲೆ ಅರ್ಧ ತಗಡು, ಅರ್ಧ ಜಾಳಿಗೆ. ಬೇಸಿಗೆಗೆ ತಗಡು ಕಾಯ್ದು ಹಂಚಾಗುತ್ತದೆಂದು ಅದರ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ. ಒಳಗೆ ಬೇವಿನ ಟೊಂಗೆಯೊಂದನ್ನು ಅಡ್ಡ ನಿಲ್ಲಿಸಿ, ಎರಡು ಹಲಗೆ ಬಡಿಸಿ, ಮೂಲೆಯಲ್ಲಿ ಉಸುಕಿನ ತಟ್ಟೆ ಇಟ್ಟಿದ್ದಾರೆ. ಮೆಟ್ಟಿಲ ಕೋಣೆಯ ಕಿಟಕಿಯಿಂದ ಬೆಕ್ಕು ತಾನೇ ಆ ಕೋಣೆಗೆ ಹೋಗಿ ಬರಬಹುದು. ಅದರಾಚೆ ಎಲ್ಲಿಗೂ ಹೋಗುವಂತಿಲ್ಲ. ಪರದೇಶಗಳಲ್ಲಿ ಇಂಥದ್ದಕ್ಕೆ ‘ಕ್ಯಾಟಿಯೋ’ ಎನ್ನುತ್ತಾರಂತೆ. ನಮ್ಮ ವೆಲ್ಡಿಂಗ್ ಅಂಗಡಿಯವನು ‘ಬೆಕ್ಕಿನ ಜಾಳಗಿ’ ಎಂದು ಪಾವತಿಯಲ್ಲಿ ಬರೆದುಕೊಟ್ಟ. ಅಂತೂ ಹೆಸರೊಂದು ಹುಟ್ಟಿತು.

ಕಟ್ಟಿಸಿದ್ದು ಶೋಕಿಗಲ್ಲ. ಅವರ ಹಿಂದಿನ ಎರಡು ಬೆಕ್ಕುಗಳಲ್ಲಿ ಒಂದು ರಸ್ತೆಯ ಪಾಲಾಯಿತು. ಇನ್ನೊಂದು ಯಾರದೋ ಗೋದಾಮಿನಲ್ಲಿ ಇಲಿ ಪಾಷಾಣ ತಿಂದ ಇಲಿಯನ್ನು ತಿಂದು ಬಂದು, ಹಿತ್ತಲಲ್ಲಿ ರಾತ್ರಿಯಿಡೀ ಒದ್ದಾಡಿ ಬೆಳಗಿನ ಜಾವ ಸತ್ತಿತು. ಕಾಳುಕಡಿ ವ್ಯಾಪಾರದ ಊರುಗಳಲ್ಲಿ ಇದೇನು ಅಪರೂಪವಲ್ಲ. ಬೆಕ್ಕು ಮಾಡುತ್ತಿದ್ದ ಕೆಲಸವನ್ನು ನಾವು ಪಾಷಾಣದ ಪುಡಿಗೆ ವಹಿಸಿದ್ದೇವೆ, ಆ ಪುಡಿ ಇಬ್ಬರನ್ನೂ ಕೊಲ್ಲುತ್ತದೆ. ಇದರ ಮೇಲೆ ಬೀದಿನಾಯಿಗಳು. ಮಾಳಿಗೆಗಳು ಹೋಗಿ ಬಿಡಿಬಿಡಿ ಸಿಮೆಂಟಿನ ಮನೆಗಳು ಬಂದಮೇಲೆ ಬೆಕ್ಕಿನ ಮೇಲುದಾರಿ ಕಡಿದುಹೋಯಿತು. ಈಗ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೆಲಕ್ಕಿಳಿಯಲೇಬೇಕು. ಹಳೆಯ ಕರಾರನ್ನು ಮುರಿದದ್ದು ಬೆಕ್ಕಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಆದರೂ ಪ್ರಶ್ನೆ ಉಳಿಯುತ್ತದೆ. ತಿರುಗುವುದೇ ಹುಟ್ಟುಗುಣವಾದ ಜೀವವನ್ನು, ಅದರ ಒಳ್ಳೆಯದಕ್ಕೆಂದೇ ಆದರೂ, ಕೂಡಿಹಾಕಬಹುದೇ?

ಗೆಳತಿಯ ಪಕ್ಕದ ಮನೆಯ ಮುಸಲ್ಮಾನ ಅಜ್ಜಿ ಜಾಳಿಗೆ ಏಳುವುದನ್ನು ನೋಡಿ ಗೋಡೆಯಾಚೆಯಿಂದಲೇ ಕೇಳಿದ್ದರಂತೆ: “ಅಕ್ಕೋರ, ಬೆಕ್ಕು ಕೂಡಿ ಹಾಕಿದ್ದಕ್ಕ ಒಬ್ಬಾಕಿ ದೋಜಕಕ್ಕ ಹೋದ ಕತಿ ನಿಮಗ ಗೊತ್ತೈತೇನ್ರಿ?” ಅದು ಪೈಗಂಬರರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ ಬರುವ ಪ್ರಸಂಗ. ಹೆಂಗಸೊಬ್ಬಳು ಬೆಕ್ಕನ್ನು ಸಾಯುವತನಕ ಕೂಡಿಹಾಕಿದಳು. ಆ ಪಾಪಕ್ಕೆ ಅವಳಿಗೆ ಶಿಕ್ಷೆಯಾಯಿತು. ಭಯ ಹುಟ್ಟಿಸುವ ಕತೆಯೇ. ಆದರೆ ಅಜ್ಜಿ ಅದನ್ನು ಪೂರ್ತಿ ಹೇಳುವವರು. “ಕೂಡಿ ಹಾಕಿದ್ದಷ್ಟ ಅಲ್ರಿ, ತಾನೂ ತಿನ್ನಾಕ ಹಾಕಲಿಲ್ಲ, ಹೊರಗ ಹೋಗಿ ಹುಳಹುಪ್ಪಡಿ ಹಿಡಕೊಂಡು ತಿನ್ನಾಕೂ ಬಿಡಲಿಲ್ಲ. ಅದಕ್ಕ.” ತಪ್ಪು ಎಲ್ಲಿದೆ ಎಂಬುದನ್ನು ಈ ಕತೆ ಬಹಳ ನಿಖರವಾಗಿ ತೋರಿಸುತ್ತದೆ ಎಂದು ನನಗನಿಸುತ್ತದೆ. ಎರಡು ದಾರಿಗಳಿದ್ದವು: ನೀನು ಸಾಕು, ಇಲ್ಲವೆ ಅದಕ್ಕೆ ದುಡಿದು ತಿನ್ನಲು ಬಿಡು. ಎರಡನ್ನೂ ಮುಚ್ಚಿದ್ದು ಪಾಪ.

ಅದೇ ಲಕ್ಷ್ಮೇಶ್ವರ ಹಳೆಯ ಪುಲಿಗೆರೆ. ಆದಿಕವಿ ಪಂಪನ ನಂಟನ್ನು ಹೇಳುವ ಶಂಖ ಬಸದಿ ಅಲ್ಲಿದೆ. ಜೈನರು ಗೃಹಸ್ಥರಿಗೆ ಹೇಳಿದ ಅಹಿಂಸೆಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತಾರೆ: ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೆಚ್ಚು ಭಾರ ಹೇರುವುದು, ಅನ್ನನೀರು ತಡೆಯುವುದು. ಕಟ್ಟುವುದು ಎಂದರೆ ಬರೀ ಹಗ್ಗದ ಮಾತಲ್ಲ. ಜೀವ ತಾನು ಬಯಸಿದ ಕಡೆ ಹೋಗದಂತೆ ತಡೆಯುವುದೆಲ್ಲ ಬಂಧವೇ ಎಂಬುದು ಪೂಜ್ಯಪಾದರು ಕೊಡುವ ಅರ್ಥ. ಹೊಡೆತಕ್ಕಿಂತ ಮೊದಲು ಬಂಧವನ್ನು ಇಟ್ಟಿದ್ದಾರೆ ನೋಡಿ. ಆದರೆ ಮನೆ, ಹೊಲ, ದನಕರು ಇದ್ದವರು ಏನೂ ಕಟ್ಟದೆ ಬದುಕುವುದು ಹೇಗೆ? ಅದಕ್ಕೂ ವ್ಯಾಖ್ಯಾನಕಾರರು ದಾರಿ ಹೇಳಿದ್ದಾರೆ. ಕಾರಣವಿದ್ದು ಕಟ್ಟಬೇಕಾದರೆ ಗಂಟು ಸಡಿಲವಿರಲಿ, ಪ್ರಾಣಿ ಕೈಕಾಲು ಆಡಿಸುವಂತಿರಲಿ, ಬೆಂಕಿ ಬಿದ್ದರೆ ಬಿಚ್ಚಿಬಿಡುವಂತಿರಲಿ. ನೂರಾರು ವರ್ಷ ಹಿಂದೆ ಬೆಂಕಿಯ ನೆನಪಿಟ್ಟು ಗಂಟಿನ ಬಗೆ ಹೇಳಿದವರು ಸಾಮಾನ್ಯರಲ್ಲ. ನನ್ನ ಗೆಳತಿಯ ಜಾಳಿಗೆಯ ಬಾಗಿಲಿಗೆ ಬೀಗವಿಲ್ಲ, ಹೊರಗಿನಿಂದ ಯಾರು ಬೇಕಾದರೂ ತೆಗೆಯಬಹುದಾದ ಚಿಲಕವಿದೆ. ಅವರು ಇದನ್ನು ಓದಿ ಮಾಡಿದ್ದಲ್ಲ, ಬೀಗದ ಕೈ ಕಳೆದುಕೊಳ್ಳುವ ಸ್ವಭಾವ ಅವರದು. ಪರಿಣಾಮ ಮಾತ್ರ ಒಂದೇ.

ದೇಶದ ಕಾನೂನೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿ ಸಾಕಷ್ಟು ಅಲುಗಾಡಲಾಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಇಡುವುದು ಅಪರಾಧ. ಇಕ್ಕಟ್ಟು ತಪ್ಪು, ಕೂಡಿಡುವುದು ತಾನಾಗಿ ತಪ್ಪಲ್ಲ.

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ. ಅವಳಿಗೆ ಈ ವಿಷಯ ಹೇಳಿದಾಗ ಕೆರಳಿದಳು. “ದೊಡ್ಡವ್ವ, ಇದ ಮಾತು ನಮ್ಮ ಹಾಸ್ಟೆಲ್ಲಿನವರೂ ಹೇಳತಾರ. ನಿಮ್ಮ ಸುರಕ್ಷತೆಗೇ ಏಳಕ್ಕ ಗೇಟು ಹಾಕತೀವಿ ಅಂತಾರ. ಹುಡುಗರಿಗೆ ಮಾತ್ರ ಗೇಟಿಲ್ಲ” ಎಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ‘ನಿನ್ನ ಒಳ್ಳೆಯದಕ್ಕೇ’ ಎಂಬ ಮಾತನ್ನು ನಮ್ಮ ಪೀಳಿಗೆಯ ಹೆಂಗಸರು ಕೇಳಿದಷ್ಟು ಇನ್ನಾರೂ ಕೇಳಿರಲಿಕ್ಕಿಲ್ಲ. ಪಡಸಾಲೆಗೆ ಬರಬೇಡ, ಕಟ್ಟೆಯ ಮೇಲೆ ಕೂರಬೇಡ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರು. ಹೀಗೆ ಬೆಳೆದವರಿಗೆ ಜಾಳಿಗೆ ಎಂದರೆ ಮೈ ಉರಿಯುವುದು ಸಹಜ.

ಆದರೆ ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ, ಅವಳಿಗೂ ಹಾಗೆಯೇ ಹೇಳಿದೆ. ಹುಡುಗಿಗೆ ರಸ್ತೆಯ ಅಪಾಯ ಇಂಥದ್ದು ಎಂದು ಹೇಳಬಹುದು. ಅವಳು ಅದನ್ನು ತೂಗಿ ನೋಡಿ, ಸುಳ್ಳೋ ನಿಜವೋ ಎಂದು ಜಗಳಾಡಬಹುದು, ಅಪಾಯ ಮಾಡುವವನನ್ನು ಕಟ್ಟಿಹಾಕಿ ಎಂದು ಕೇಳಬಹುದು. ಗೇಟು ಅವಮಾನವಾಗುವುದು ಅವಳಿಗೆ ಆ ಬುದ್ಧಿ ಇದ್ದೂ ಇಲ್ಲದಂತೆ ನಡೆಸಿಕೊಳ್ಳುವುದರಿಂದ. ಬೆಕ್ಕಿಗೆ ಪಾಷಾಣದ ಇಲಿ ಯಾವುದು, ಒಳ್ಳೆಯ ಇಲಿ ಯಾವುದು ಎಂದು ಯಾರು ತಿಳಿಸಿ ಹೇಳುತ್ತಾರೆ? ಬೆಕ್ಕನ್ನು ತೋರಿಸಿ ಹುಡುಗಿಯರಿಗೆ ಬೇಲಿ ಹಾಕುವುದು ಎಷ್ಟು ತಪ್ಪೋ, ಹುಡುಗಿಯರನ್ನು ನೆನೆದು ಬೆಕ್ಕನ್ನು ಲಾರಿಯ ಬಾಯಿಗೆ ಬಿಡುವುದೂ ಅಷ್ಟೇ ತಪ್ಪು. ಅವಳು ಪೂರ್ತಿ ಒಪ್ಪಲಿಲ್ಲ. “ಬೆಕ್ಕಿಗೆ ಕೇಳಾಕ ಬರಂಗಿಲ್ಲ ಅಂತ ನೀವ ಹೇಳೂದು” ಎಂದಳು. ಅದೂ ಸರಿಯೇ. ಗೆಳತಿಯ ಬೆಕ್ಕು ಮೊದಲ ಎಂಟು ದಿನ ರಾತ್ರಿಯೆಲ್ಲ ಜಾಳಿಗೆ ಹಿಡಿದು ಕೂಗಿತು. ಆಮೇಲೆ ಸುಮ್ಮನಾಯಿತು. ಸುಮ್ಮನಾದದ್ದು ಒಪ್ಪಿದ್ದೋ ಸೋತದ್ದೋ ಅದರ ಮುಖ ನೋಡಿ ಹೇಳುವಂತಿಲ್ಲ. ಬೇವಿನ ಟೊಂಗೆಯ ಮೇಲೆ ಮೈ ಚಾಚಿ ಬಿಸಿಲು ಕಾಯಿಸುವಾಗ ಸುಖವಾಗಿಯೇ ಕಾಣುತ್ತದೆ. ಗೆಳತಿಗಂತೂ ರಾತ್ರಿ ನಿದ್ದೆ ಬರುತ್ತಿದೆ. ಜಾಳಿಗೆ ಬೆಕ್ಕಿನ ಜೀವಕ್ಕೋ ತನ್ನ ನಿದ್ದೆಗೋ ಎಂದು ಅವರನ್ನು ಕೇಳಿದರೆ, “ಎರಡಕ್ಕೂ” ಎನ್ನುತ್ತಾರೆ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಗೆಳತಿಯ ಮನೆಯಲ್ಲಿ ತತ್ತಿಯೂ ಬಂದದ್ದಿಲ್ಲ. ಹಿಂದಿನ ಬೆಕ್ಕುಗಳಿಗೆ ಹಾಲು ರೊಟ್ಟಿ, ಹಾಲು ಅನ್ನ ಹಾಕುತ್ತಿದ್ದರು. ಅವು ಅದನ್ನು ತಿಂದು ಗುಂಡಗಿರುತ್ತಿದ್ದವು, ಬೆಕ್ಕಿಗೆ ಹಾಲು ಅನ್ನವೇ ಸಾಕು ಎಂದು ಮನೆಮಂದಿಯೆಲ್ಲ ನಂಬಿದ್ದರು. ಸಾಕಾಗಿರಲಿಲ್ಲ. ಉಳಿದದ್ದನ್ನು ಬೆಕ್ಕು ಹೊರಗೆ ದುಡಿದುಕೊಳ್ಳುತ್ತಿತ್ತು. ಬೆಕ್ಕು ಮಾಂಸವಿಲ್ಲದೆ ಬದುಕುವ ಪ್ರಾಣಿಯಲ್ಲ. ಟಾರಿನ್ ಎಂಬ ಒಂದು ಸತ್ವ ಅದಕ್ಕೆ ಬೇಕೇಬೇಕು. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈ ಸಾಕಷ್ಟು ಮಾಡಿಕೊಳ್ಳಲಾರದು. ಅದು ಸಿಗುವುದು ಮಾಂಸ ಮೀನುಗಳಲ್ಲಿ. ಅದಿಲ್ಲದಿದ್ದರೆ ಬೆಕ್ಕಿನ ಕಣ್ಣು ಕೆಡುತ್ತದೆ ಎಂಬುದು 1970ರ ದಶಕದಲ್ಲಿ, ಹೃದಯ ಸೋಲುತ್ತದೆ ಎಂಬುದು 1987ರಲ್ಲಿ ತಿಳಿದುಬಂತು. ಹಾಲೂ ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಸರಿಯಾಗಿ ಅರಗುವುದಿಲ್ಲ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕನ್ನು ನೋಡಿ ನಾವು ನಕ್ಕದ್ದೇ ನಕ್ಕದ್ದು.

ಅಂದರೆ ತೆರೆದ ಬಾಗಿಲು ಬೆಕ್ಕಿಗಷ್ಟೇ ಅಲ್ಲ, ನಮಗೂ ಅನುಕೂಲವಾಗಿತ್ತು. ಅದರ ಕೊಲೆಗಳು ಹಿತ್ತಲಾಚೆ, ಅಟ್ಟದ ಮೇಲೆ, ಕತ್ತಲಲ್ಲಿ ನಡೆಯುತ್ತಿದ್ದವು. ನಮ್ಮ ಒಲೆ ಶುದ್ಧ, ನಮ್ಮ ಕೈ ಶುದ್ಧ. ಬಾಯಿ ಒರೆಸಿಕೊಂಡು ಬಂದು ಕಾಲಿಗೆ ಮೈ ತಿಕ್ಕಿದರೆ ‘ನಮ್ಮ ಬೆಕ್ಕು ಬಹಳ ಸಾಧು’ ಎನ್ನುತ್ತಿದ್ದೆವು. ಜಾಳಿಗೆ ಹಾಕಿದ ದಿನ ಈ ಅನುಕೂಲ ಮುಗಿಯಿತು. ಅದು ಹೊರಗೆ ತಾನೇ ಮಾಡಿಕೊಳ್ಳುತ್ತಿದ್ದ ಎಲ್ಲವೂ ಈಗ ನಮ್ಮ ಕೆಲಸ: ಬೇಟೆ, ಓಟ, ಕೆದರುವ ಮಣ್ಣು, ಉಗುರು ಮಸೆಯುವ ಮರ, ಬೆದೆಗೆ ಬಂದಾಗಿನ ಗೋಳು ಎಲ್ಲವೂ. ಕಡೆಯದಕ್ಕೆ ಪಶುವೈದ್ಯರ ಹತ್ತಿರ ಆಪರೇಷನ್ ಮಾಡಿಸಬೇಕು. ಅಂಗ ಕತ್ತರಿಸುವುದು ಅತಿಚಾರವೆಂದ ಪಟ್ಟಿಯನ್ನು ಈಗಷ್ಟೇ ಓದಿದಿರಿ. ಒಂದನ್ನು ಕಟ್ಟಿದರೆ ಇನ್ನೊಂದು ಬೆನ್ನಿಗೇ ಬರುತ್ತದೆ. ಹಾಗೆಂದು ಮಾಡಿಸದೆ ಇಟ್ಟರೆ ಅದರ ಸಂಕಟ ಇನ್ನೂ ಹೆಚ್ಚು. ನಾನಾದರೆ ಮಾಡಿಸುತ್ತೇನೆ, ಆದರೆ ಅದನ್ನು ಅಹಿಂಸೆ ಎಂದು ಕರೆಯುವುದಿಲ್ಲ.

ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು ನಾವು. ಆ ಹಾಡಿನ ಕೊನೆಗೆ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಮಾಂಸ ತಿನ್ನುವ ಪ್ರಾಣಿಗೆ ಒಳ್ಳೆಯ ಬುದ್ಧಿ ಬಂದರೆ ಅದು ಸಾಯುವುದೊಂದೇ ದಾರಿ ಎಂದು ಆ ಹಾಡು ಒಪ್ಪಿಕೊಳ್ಳುತ್ತದೆ. ಹುಲಿ ಹುಲ್ಲು ಮೇಯತೊಡಗಿತು ಎಂದು ಸುಳ್ಳು ಹೇಳುವುದಿಲ್ಲ. ಆ ಪ್ರಾಮಾಣಿಕತೆ ನನಗೆ ಇಷ್ಟ. ಗದಗಿನ ಹತ್ತಿರದ ಬಿಂಕದಕಟ್ಟಿ ಮೃಗಾಲಯದ ಚಿರತೆಗೆ ಯಾರೂ ರೊಟ್ಟಿ ಹಾಕುವುದಿಲ್ಲ. ಸರಕಾರ ಕೂಡಿಹಾಕಿದೆ, ಆದ್ದರಿಂದ ಸರಕಾರ ಮಾಂಸ ಹಾಕುತ್ತದೆ. ಮನೆಯ ಬೆಕ್ಕಿನ ವಿಷಯದಲ್ಲಿ ಮಾತ್ರ ನಮಗೆ ಪಂಜರವೂ ಬೇಕು, ಮಡಿಯೂ ಬೇಕು.

ನನ್ನ ಗೆಳತಿ ಇದಕ್ಕೊಂದು ಉಪಾಯ ಮಾಡಿದ್ದಾರೆ. ಪಕ್ಕದ ಅಜ್ಜಿಯ ಮನೆಯಿಂದ ಕೋಳಿಯ ತುಣುಕು ಬೇಯಿಸಿದ್ದು ಗೋಡೆಯಾಚೆಯಿಂದ ಬರುತ್ತದೆ. ಜಾಳಿಗೆಯ ಹೊರಗೆ ಅದಕ್ಕೆಂದೇ ಒಂದು ತಾಟು, ಒಂದು ಚಮಚ. ಅದು ಅಡಿಗೆಮನೆ ಸೇರುವುದಿಲ್ಲ. ತಿಂಗಳಿಗೊಮ್ಮೆ ಕೋಳಿಯ ರೊಕ್ಕ ಕೊಡುತ್ತಾರೆ. “ಪಾಪ ನನ್ನ ಪಾಲಿಗೆ, ಪುಣ್ಯ ನಿಮ್ಮ ಪಾಲಿಗೆ, ಹೌದಲ್ರಿ ಅಕ್ಕೋರ?” ಎಂದು ಅಜ್ಜಿ ನಗುತ್ತಾರೆ. ಗೆಳತಿಯೂ ನಗುತ್ತಾರೆ, ಉತ್ತರ ಕೊಡುವುದಿಲ್ಲ. ನನಗೆ ಈ ಏರ್ಪಾಡು ಕೆಟ್ಟದ್ದೆನಿಸಲಿಲ್ಲ. ಎರಡು ಮನೆಗಳ ನಡುವೆ ದಿನಕ್ಕೊಮ್ಮೆ ತಾಟು ದಾಟುವುದೇ ಒಂದು ದೊಡ್ಡ ಮಾತು. ಆದರೆ ಅಜ್ಜಿ ಮಗಳ ಮನೆಗೆ ಸವಣೂರಿಗೆ ಹೋದ ಹದಿನೈದು ದಿನ ಬೆಕ್ಕು ಏನು ತಿಂದಿತು ಎಂದರೆ, ಹಾಲು ರೊಟ್ಟಿ. ಜಾಳಿಗೆಯೊಳಗೆ. ಹದೀಸಿನ ಹೆಂಗಸಿನ ದಾರಿಗೂ ಇದಕ್ಕೂ ಅಂತರ ಬಹಳವಿದೆ, ಆದರೆ ದಾರಿ ಅತ್ತ ಕಡೆಯದೇ.

ಇನ್ನು ಬೆಕ್ಕಿನಿಂದ ಸಾಯುವವರ ಮಾತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದೀಚೆ ಹುಟ್ಟಿದ ಸಾಕುಬೆಕ್ಕುಗಳನ್ನು ಮನೆಯ ಆವರಣ ದಾಟಲು ಬಿಡುವಂತಿಲ್ಲ. ಅಲ್ಲಿ ಕಾನೂನು ಬಂದದ್ದಕ್ಕೆ ಬೆಕ್ಕಿನ ಮೇಲಿನ ಕರುಣೆಗಿಂತ ಹಕ್ಕಿ, ಓತಿಕ್ಯಾತಗಳ ಮೇಲಿನ ಕರುಣೆ ದೊಡ್ಡ ಕಾರಣ. ಬೆಕ್ಕೇ ಇಲ್ಲದ ನೆಲದಲ್ಲಿ ಬೆಳೆದ ಜೀವಿಗಳವು. ನಮ್ಮ ನೆಲದ ಲೆಕ್ಕ ಬೇರೆ, ಇಲ್ಲಿ ಹಕ್ಕಿಗಳಿಗೆ ಕಾಡುಬೆಕ್ಕು ಹೊಸದಲ್ಲ. ಆದರೂ ನಮ್ಮ ಜಿಲ್ಲೆಯವರೇ ಆದ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಚಳಿಗಾಲದಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದಕ್ಕೆ ಹೆಮ್ಮೆಪಡುತ್ತೇವೆ. ಮನೆಯ ಜಂತಿಯ ಗುಬ್ಬಿ ಗೂಡಿಗೆ ನಮ್ಮದೇ ಬೆಕ್ಕು ಕೈ ಹಾಕಿದಾಗ ಮಾತ್ರ ‘ಅದರ ಧರ್ಮ’ ಎಂದು ಬಿಡುತ್ತೇವೆ. ಜಾಳಿಗೆ ಬಂದಮೇಲೆ ಗೆಳತಿಯ ಮನೆಯ ಮೀಟರ್ ಪೆಟ್ಟಿಗೆಯ ಹಿಂದೆ ಗುಬ್ಬಿ ಎರಡು ಸಲ ಮರಿ ಮಾಡಿವೆ. ಇದು ಜಾಳಿಗೆಯ ಲಾಭದ ಕಡೆ ಬರೆಯತಕ್ಕದ್ದು. ಕೋಳಿಯ ಲೆಕ್ಕ ಮಾತ್ರ ಎದುರಿನ ಪುಟದಲ್ಲಿದೆ.

ಮುಂಡರಗಿಯಲ್ಲಿ ನಮ್ಮ ಸೋದರತ್ತೆಯ ಮನೆಯಿರುವ ಓಣಿಯಲ್ಲಿ ಇನ್ನೂ ಹಳೆಯ ಮಾಳಿಗೆಗಳಿವೆ. ಲಾರಿ ಹೊಗುವಷ್ಟು ಅಗಲದ ದಾರಿಯಿಲ್ಲ. ತುಂಗಭದ್ರೆಯ ಮೀನು ಮಾರುವಾಕೆ ಬಂದರೆ ಓಣಿಯ ಬೆಕ್ಕುಗಳೆಲ್ಲ ಅವಳ ಬುಟ್ಟಿಯ ಹಿಂದೆ ಹೊರಡುತ್ತವೆ. ಅಲ್ಲಿ ಯಾರಾದರೂ ಜಾಳಿಗೆಯ ಮಾತು ಎತ್ತಿದರೆ ನಾನೇ ಬೇಡವೆನ್ನುತ್ತೇನೆ. ಲಕ್ಷ್ಮೇಶ್ವರದ ರಸ್ತೆ ಬದಿಯ ಮನೆಯಲ್ಲಿ ಬೇಕೆನ್ನುತ್ತೇನೆ. ಒಂದೇ ಪ್ರಶ್ನೆಗೆ ಎರಡು ಉತ್ತರವೇ ಎಂದು ಯಾರಾದರೂ ಕೇಳಿದರೆ, ಮನೆ ಎಲ್ಲಿದೆ ಎಂದು ಮೊದಲು ಹೇಳಿ ಎನ್ನುತ್ತೇನೆ.

ಶಿರಹಟ್ಟಿಯ ಪರಿಚಯದ ಹುಡುಗಿಯೊಬ್ಬಳು, ಮದುವೆಯಾಗಿ ಎರಡು ವರ್ಷವಾದವಳು, ಈ ಜಾಳಿಗೆಯ ಫೋಟೊ ನೋಡಿ ತನ್ನ ಮನೆಗೂ ಅಂಥದ್ದೇ ಬೇಕೆಂದು ನನಗೆ ಫೋನು ಮಾಡಿದಳು. ಅಳತೆ, ಖರ್ಚು, ಬಾಗಿಲು ಯಾವ ದಿಕ್ಕಿಗೆ ಎಲ್ಲ ಕೇಳಿದಳು. ನಾನು ಕೇಳಿದ್ದು ಮೂರೇ: ಉಸುಕಿನ ತಟ್ಟೆ ದಿನಾ ಯಾರು ಬದಲಿಸುತ್ತಾರೆ, ನೀನು ತವರಿಗೆ ಹೋದಾಗ ಅದರ ಜತೆ ಯಾರು ಆಡುತ್ತಾರೆ, ಅದಕ್ಕೆ ಮೀನೋ ಮಾಂಸವೋ ಯಾರ ಕೈಯಿಂದ ಬರುತ್ತದೆ. ಮೊದಲೆರಡಕ್ಕೆ “ನಾನ, ಮತ್ತ್ಯಾರು” ಎಂದಳು. ಮೂರನೆಯದಕ್ಕೆ ಸುಮ್ಮನಾದಳು. ಅವರ ಮನೆಯಲ್ಲಿ ಉಳ್ಳಾಗಡ್ಡಿಯೂ ಸೋಮವಾರ ಬರುವುದಿಲ್ಲ. ಹಾಗಾದರೆ ಕಟ್ಟಿಸಬೇಡ, ಇಲ್ಲವೇ ಮೊದಲು ಆ ಮಾತು ಮುಗಿಸಿ ಆಮೇಲೆ ಕಟ್ಟಿಸು ಎಂದೆ. ಮೊನ್ನೆ ಮತ್ತೆ ಫೋನು ಬಂದಿತ್ತು. ವೆಲ್ಡಿಂಗಿನವನು ಬಂದು ಅಳತೆ ತಗೊಂಡು ಹೋದನಂತೆ. ಮೀನಿನ ಮಾತನ್ನು ಅತ್ತೆಯವರ ಹತ್ತಿರ ಇನ್ನೂ ಎತ್ತಿಲ್ಲವಂತೆ.